ಪೊಟರೆಯಲ್ಲಿ ಇಬ್ಬರಿಗೆ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ಇಂದು ಚಿತ್ರಪುಸ್ತಕದ ಬಗ್ಗೆ ಮಾತನಾಡಬೇಕಾಗಿದೆ. ಆದ್ದರಿಂದ ಒಂದು ಪುಟವನ್ನು ನೀವೇ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಈ ಭಾಷಣಕ್ಕಾಗಿ ನಾನೇ ಕಲ್ಪಿಸಿಕೊಂಡ ಪುಟ. ಹೊರಗೆ ಜಡಿಮಳೆ. ಮರದ ಪೊಟರೆಯೊಳಗೆ ಮುಳ್ಳುಹಂದಿಯ ಮರಿಯೊಂದು ಬೆಚ್ಚಗೆ ಕುಳಿತಿದೆ. ಪೊಟರೆಯ ಬಾಯಲ್ಲಿ ತೊಯ್ದು ನಡುಗುತ್ತಿರುವ ಮೊಲದ ಮರಿ ನಿಂತಿದೆ. ಒಳಗೆ ಇಬ್ಬರಿಗೂ ಜಾಗವಿದೆ, ಆದರೆ ಮುಳ್ಳುಹಂದಿ ತನ್ನ ಮುಳ್ಳುಗಳನ್ನೆಲ್ಲ ತಗ್ಗಿಸಿಕೊಂಡು, ಒಂದು ಮೂಲೆಗೆ ಒತ್ತಿಕೊಂಡು ಕುಳಿತರೆ ಮಾತ್ರ. ಈ ಪುಟದಲ್ಲಿ ಒಂದು ಅಕ್ಷರವೂ ಇಲ್ಲ. ಮುಳ್ಳುಹಂದಿ ಇನ್ನೂ ಯೋಚಿಸುತ್ತಿದೆ.

ದಯೆಯನ್ನೂ ಹಂಚಿಕೊಳ್ಳುವುದನ್ನೂ ಕಲಿಸಲು ಹೊರಡುವ ಎಷ್ಟೋ ಪ್ರಾಣಿಕಥೆಗಳು ಈ ಪುಟವನ್ನೇ ಬಿಟ್ಟುಬಿಡುತ್ತವೆ ಎಂಬುದು ನನ್ನ ಕೊರಗು. ಚಿತ್ರಪುಸ್ತಕಗಳಿಗೆ ಸಾಮಾನ್ಯವಾಗಿ 32 ಪುಟಗಳಿರುತ್ತವೆ. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿದಾಗ ಪುಟಗಳು ಎಂಟು, ಹದಿನಾರರ ಲೆಕ್ಕದಲ್ಲಿಯೇ ಬರುವುದರಿಂದ ಈ ಅಳತೆ ರೂಢಿಗೆ ಬಂತು. ಶೀರ್ಷಿಕೆ ಮೊದಲಾದವುಗಳಿಗೆ ಕೆಲವು ಪುಟ ಹೋದ ಮೇಲೆ ಉಳಿಯುವ ಜಾಗ ಚಿಕ್ಕದು. ಹಾಗಾಗಿ ಒಂದು ಪುಟದಲ್ಲಿ ಸ್ವಾರ್ಥಿಯಾಗಿದ್ದ ಪ್ರಾಣಿ ಮುಂದಿನ ಪುಟದಲ್ಲಿ ಎಲ್ಲವನ್ನೂ ಹಂಚಿ ಕುಣಿಯತೊಡಗುತ್ತದೆ. ಆದರೆ ಕೊಡಲು ಮನಸ್ಸಾಗದೆ ಒದ್ದಾಡುವ ಆ ಗಳಿಗೆಯೇ ಮಗುವಿಗೆ ಪರಿಚಿತವಾದದ್ದು, ಏಕೆಂದರೆ ತನ್ನ ಆಟಿಕೆಯನ್ನು ಎದೆಗೆ ಅವುಚಿಕೊಂಡು ಅದೂ ಹಾಗೆಯೇ ನಿಂತಿರುತ್ತದೆ.

2013ರಲ್ಲಿ ನಾಡಿಯಾ ಚೆರ್ನ್ಯಾಕ್ ಮತ್ತು ತಮಾರ್ ಕುಶ್ನಿರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಬೇಸರದಲ್ಲಿರುವ ನಾಯಿಬೊಂಬೆಯೊಂದನ್ನು ಇಡಲಾಗಿತ್ತು. ಸ್ಟಿಕ್ಕರನ್ನು ತಾನೇ ಇಟ್ಟುಕೊಳ್ಳುವ ಅವಕಾಶವಿದ್ದೂ ನಾಯಿಗೆ ಕೊಡುವುದನ್ನು ಆರಿಸಿಕೊಂಡ ಮಕ್ಕಳು, ಕೊಡಲೇಬೇಕೆಂದು ಹೇಳಿಸಿಕೊಂಡು ಕೊಟ್ಟ ಮಕ್ಕಳಿಗಿಂತ, ಮುಂದೆ ಬೇರೊಂದು ಬೊಂಬೆಯೊಡನೆ ಹೆಚ್ಚು ಹಂಚಿಕೊಂಡರು. ಇಟ್ಟುಕೊಳ್ಳುವ ದಾರಿ ತೆರೆದಿದ್ದಾಗ ಮಾತ್ರ ಕೊಟ್ಟದ್ದು ಮಗುವಿನ ಸ್ವಂತದ್ದಾಗುತ್ತದೆ. ನನ್ನ ಮುಳ್ಳುಹಂದಿಗೂ ಮೊಲವನ್ನು ಹೊರಗೇ ಬಿಡುವ ಅವಕಾಶವಿರಬೇಕು, ಮತ್ತು ಅದು ಚಿತ್ರದಲ್ಲಿ ಕಾಣಬೇಕು.

ಇನ್ನು ಪ್ರಾಣಿಗಳೇ ಏಕೆ ಎಂಬ ಪ್ರಶ್ನೆ. ಪ್ರಾಣಿಕಥೆಗಳನ್ನು ಪ್ರೀತಿಸುವ ನನ್ನನ್ನು ಕಲಕಿದ ಒಂದು ಫಲಿತಾಂಶವನ್ನು ಮುಚ್ಚಿಡಲಾರೆ. 2017ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವಿಕೆಯ ಒಂದೇ ಕಥೆಯನ್ನು ಎರಡು ಬಗೆಯಲ್ಲಿ ಓದಿ ಹೇಳಿದರು. ಮನುಷ್ಯರ ಪಾತ್ರಗಳಿದ್ದ ಕಥೆಯನ್ನು ಕೇಳಿದ ಮಕ್ಕಳು ಮೊದಲಿಗಿಂತ ಹೆಚ್ಚು ಹಂಚಿದರು, ಬಟ್ಟೆ ತೊಟ್ಟ ಪ್ರಾಣಿಗಳ ಕಥೆಯನ್ನು ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಆದರೆ ಅವರಲ್ಲಿಯೂ ಆ ಪ್ರಾಣಿಗಳನ್ನು ಮನುಷ್ಯರಂಥವೆಂದೇ ಭಾವಿಸಿದ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ಇದರಿಂದ ಪ್ರಾಣಿಕಥೆಗಳನ್ನು ಕೈಬಿಡಬೇಕೆಂದು ನನಗನ್ನಿಸುವುದಿಲ್ಲ. ಅಂಗಿ ತೊಡಿಸಿದ ಮಾತ್ರಕ್ಕೆ ಪ್ರಾಣಿ ಮಗುವಿಗೆ ಹತ್ತಿರವಾಗುವುದಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಹೆದರಿದಾಗ ಮುಳ್ಳು ನಿಮಿರಿಸುವುದು ಮುಳ್ಳುಹಂದಿಯ ಸಹಜ ಸ್ವಭಾವ. ಆ ಮುಳ್ಳನ್ನು ಮೊಲಕ್ಕಾಗಿ ತಗ್ಗಿಸಿಕೊಳ್ಳುವಾಗ ಅದು ಪ್ರಾಣಿಯಾಗಿಯೇ ಉಳಿದು ಮಗುವಿನ ಪಾಡನ್ನು ತನ್ನದಾಗಿಸಿಕೊಳ್ಳುತ್ತದೆ. ಪ್ರಾಣಿಗಳು ನಿಜವಾಗಿಯೂ ಹಂಚಿಕೊಳ್ಳುತ್ತವೆಯೇ ಎಂದು ಮಗು ಕೇಳಿದರೆ ಹೌದೆಂದು ಧೈರ್ಯವಾಗಿ ಹೇಳಬಹುದು. ರಕ್ತ ಹೀರುವ ಬಾವಲಿಗಳು ಎರಡು ಮೂರು ರಾತ್ರಿ ಸತತವಾಗಿ ಆಹಾರ ಸಿಗದಿದ್ದರೆ ಸಾಯುತ್ತವೆ. ಹಾಗೆ ಹಸಿದು ಮರಳಿದ ಸಂಗಾತಿಗೆ ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದದ್ದನ್ನೇ ಕಕ್ಕಿ ಉಣಿಸುವುದನ್ನು ವಿಜ್ಞಾನಿ ಜೆರಾಲ್ಡ್ ವಿಲ್ಕಿನ್‌ಸನ್ 1984ರಲ್ಲಿಯೇ ವರದಿ ಮಾಡಿದ್ದಾರೆ.

ಉಳಿದ ಕೆಲಸ ಓದಿ ಹೇಳುವವರದ್ದು. ಒಂದೂವರೆ ಮತ್ತು ಎರಡು ವರ್ಷದ ಮಕ್ಕಳೊಂದಿಗೆ ತಂದೆತಾಯಿಯರು ಚಿತ್ರಪುಸ್ತಕ ನೋಡುವುದನ್ನು ಸೀಲಿಯಾ ಬ್ರೌನೆಲ್ ಮತ್ತು ಸಂಗಡಿಗರು ಗಮನಿಸಿ 2013ರಲ್ಲಿ ಪ್ರಕಟಿಸಿದರು. ಪಾತ್ರಗಳ ಭಾವನೆಗಳನ್ನು ಮಗುವಿನ ಬಾಯಿಂದಲೇ ಹೇಳಿಸಲು ಯಾವ ಹೆತ್ತವರು ಹೆಚ್ಚು ಯತ್ನಿಸುತ್ತಿದ್ದರೋ ಅವರ ಮಕ್ಕಳು ಬೇಗನೆ, ಹೆಚ್ಚು ಬಾರಿ ಹಂಚಿಕೊಳ್ಳುತ್ತಿದ್ದರು. ಹೆತ್ತವರು ತಾವೇ ಭಾವನೆಗಳನ್ನು ವಿವರಿಸುತ್ತಿದ್ದುದಕ್ಕೂ ಇದಕ್ಕೂ ಅಂಥ ನಂಟು ಕಾಣಲಿಲ್ಲ.

ಆದ್ದರಿಂದ ಪುಸ್ತಕ ಮುಗಿದೊಡನೆ "ಏನು ಕಲಿತೆ?" ಎಂದು ಕೇಳುವ ಅಭ್ಯಾಸವನ್ನು ದಯವಿಟ್ಟು ಬಿಡೋಣ. ಮಾತಿಲ್ಲದ ಪುಟ ಬಂದಾಗ ಓದು ನಿಲ್ಲಿಸಿ, "ಮುಳ್ಳುಹಂದಿಗೆ ಈಗ ಏನನ್ನಿಸುತ್ತಿರಬಹುದು?" ಎಂದು ಕೇಳಿ, ಉತ್ತರಕ್ಕಾಗಿ ಕಾಯಿರಿ. "ಅದಕ್ಕೆ ಕೊಡೋಕೆ ಇಷ್ಟ ಇಲ್ಲ" ಎಂದು ಮಗು ಹೇಳಿದರೆ ತಿದ್ದಬೇಡಿ. ಮಗು ಚಿತ್ರವನ್ನು ಸರಿಯಾಗಿಯೇ ಓದಿದೆ. ಪುಟವನ್ನು ಯಾವಾಗ ತಿರುವಬೇಕೆಂಬುದನ್ನೂ ಅದಕ್ಕೇ ಬಿಡಿ.

ನಮಸ್ಕಾರ.