ಒಂದೇ ಇಲಿ, ಎರಡು ಕಿಡ್ನಿ

ಕೇಳುಗರೇ, ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಒಲೆ ಮುಂದೆ ಇರುತ್ತೀರಿ, ಕೆಲವರು ಅಂಗಡಿ ಬಾಗಿಲು ತೆಗೆದು ಬೋಣಿಗೆಗೆ ಕಾಯುತ್ತಿರುತ್ತೀರಿ. ಕೆಲಸ ಬಿಡಬೇಡಿ, ಕಿವಿ ಮಾತ್ರ ಇತ್ತ ಕೊಡಿ. ಹತ್ತು ನಿಮಿಷ ಸಾಕು.

ನಾನು ಕಿಡ್ನಿ ಡಾಕ್ಟರು. ನನ್ನ ಹತ್ತಿರ ಬರುವ ಬಿಪಿಯವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಸಾರ್, ತಲೆನೋವಿಲ್ಲ, ಸುಸ್ತಿಲ್ಲ, ಚೆನ್ನಾಗೇ ಇದ್ದೀನಿ. ಅದಕ್ಕೇ ಮಾತ್ರೆ ಬಿಟ್ಟೆ." ಕೇಳಿ ಕೇಳಿ ನನಗೆ ಸಾಕಾಗಿದೆ. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದನ್ನು ಹೇಳಿದೆ. ಬಿಪಿಯಿಂದ ಕಿಡ್ನಿ ಕೆಡುವಾಗ ನೋಯುವುದಿಲ್ಲ. ಉರಿಯುವುದಿಲ್ಲ. ಒಳಗೆ ಸುಮ್ನೆ ಕೆಡುತ್ತಾ ಹೋಗುತ್ತದೆ. ಕೆಡಿಸುವವರು ಯಾರು ಗೊತ್ತಾ? ನಮ್ಮದೇ ಕಾವಲುಗಾರರು. ಬಿಪಿ ಬಾಗಿಲು ಬಡಿಯುತ್ತದೆ, ಒಳಗೆ ನುಗ್ಗುವವರು ನಮ್ಮ ರಕ್ತದಲ್ಲೇ ಇರುವ ಬಿಳಿ ಕಣಗಳು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು.

ಮೊದಲು ಕಿಡ್ನಿ ಅಂದರೇನು ಅಂತ ಎರಡು ಮಾತು. ಮುಷ್ಟಿ ಗಾತ್ರದ್ದು, ಬೆನ್ನಿನ ಕಡೆ ಒಂದೊಂದು ಪಕ್ಕಕ್ಕೆ ಒಂದೊಂದು. ಪ್ರತಿಯೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಹೃದಯ ತಳ್ಳುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಇವಕ್ಕೇ ಹೋಗುತ್ತದೆ. ಇವು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುಪಾಲನ್ನು ರಕ್ತಕ್ಕೇ ವಾಪಸ್ ಕೊಟ್ಟು, ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಇಷ್ಟು ನಾಜೂಕಾದ ಜರಡಿಗೆ ಜೋರಾಗಿ ರಕ್ತ ಬಂದು ಹೊಡೆದರೆ ಏನಾಗಬೇಡ? ನಾವು ಓದುವಾಗ ಅಷ್ಟೇ ಹೇಳಿಕೊಟ್ಟಿದ್ದರು. ನೀರಿನ ರಭಸಕ್ಕೆ ಕಾಲುವೆ ಕೊರೆದ ಹಾಗೆ, ಅಂತ. ಅದು ಅರ್ಧ ಕಥೆ.

ಉಳಿದರ್ಧಕ್ಕೆ ನಿಮಗೊಂದು ಇಲಿಯ ಕಥೆ ಹೇಳಬೇಕು. ನನಗೆ ಬಹಳ ಇಷ್ಟದ ಕಥೆ. ಸ್ವಲ್ಪ ಉದ್ದ ಆಗಬಹುದು.

1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ಅನ್ನುವ ಡಾಕ್ಟರು ನಾಯಿಗಳ ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಬೆಳ್ಳಿಯ ಸಣ್ಣ ಕ್ಲಿಪ್ ಹಾಕಿ ನೋಡಿದರು. ನಾಳ ಕಿರಿದಾಯಿತು, ಕಿಡ್ನಿಗೆ ರಕ್ತ ಕಡಿಮೆಯಾಯಿತು, ನಾಯಿಯ ಬಿಪಿ ಏರಿತು. ರಕ್ತ ಸಾಲದ ಕಿಡ್ನಿ "ಒತ್ತಡ ಜಾಸ್ತಿ ಮಾಡಿ" ಅಂತ ಇಡೀ ಮೈಗೆ ರಾಸಾಯನಿಕದ ಮೂಲಕ ಹೇಳಿ ಕಳಿಸುತ್ತದೆ. ಸರಿ.

ಐದು ವರ್ಷದ ಮೇಲೆ, 1939ರಲ್ಲಿ, ಲಂಡನ್ನಿನಲ್ಲಿ ವಿಲ್ಸನ್ ಮತ್ತು ಬೈರಮ್ ಅನ್ನುವ ಇಬ್ಬರು ಇದನ್ನೇ ಇಲಿಗಳಲ್ಲಿ ಮಾಡಿದರು. ಒಂದು ಕಿಡ್ನಿಯ ನಾಳಕ್ಕೆ ಮಾತ್ರ ಕ್ಲಿಪ್. ಇನ್ನೊಂದನ್ನು ಮುಟ್ಟಲಿಲ್ಲ. ಬಿಪಿ ಏರಿತು. ಆಮೇಲೆ ಎರಡೂ ಕಿಡ್ನಿಗಳನ್ನು ಕೊಯ್ದು ನೋಡಿದರು. ಈಗ ನೀವು ಹೇಳಿ, ಯಾವುದು ಕೆಟ್ಟಿತ್ತು? ಕ್ಲಿಪ್ ಹಾಕಿಸಿಕೊಂಡದ್ದಾ, ಏನೂ ಮಾಡದೆ ಬಿಟ್ಟದ್ದಾ?

ನಾನು ವಿದ್ಯಾರ್ಥಿಗಳಿಗೆ ಕೇಳಿದಾಗಲೂ ಅರ್ಧ ಜನ ತಪ್ಪು ಹೇಳುತ್ತಾರೆ. ಕೆಟ್ಟದ್ದು ಮುಟ್ಟದೆ ಬಿಟ್ಟ ಕಿಡ್ನಿ! ಕ್ಲಿಪ್ ಹಾಕಿದ್ದು ಚೆನ್ನಾಗಿತ್ತು. ಕ್ಲಿಪ್ಪು ಅದಕ್ಕೆ ತೂಬಿನ ಬಾಗಿಲಿನ ಹಾಗೆ ಅಡ್ಡ ನಿಂತಿತ್ತು. ಏರಿದ ಒತ್ತಡವೆಲ್ಲ ಪಕ್ಕದ ಕಿಡ್ನಿಯ ಮೇಲೆ ಬಿತ್ತು. ಇಲಿ ಒಂದೇ, ರಕ್ತ ಒಂದೇ, ತಿಂದ ಕಾಳು ಒಂದೇ. ಒಂದು ಕಿಡ್ನಿ ಉಳಿಯಿತು, ಒಂದು ಹೋಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ಲೂಯಿಸ್ ಡಾಲ್ ಅನ್ನುವವರು 1960ರ ದಶಕದಲ್ಲಿ ಉಪ್ಪು ಜಾಸ್ತಿ ತಿಂದರೆ ಬಿಪಿ ಏರುವ ಇಲಿಗಳ ಒಂದು ತಳಿಯನ್ನೇ ಬೆಳೆಸಿದ್ದರು. ನಾವು ನಾಟಿ ಹಸು, ಜೆರ್ಸಿ ಹಸು ಅನ್ನುತ್ತೇವಲ್ಲ, ಹಾಗೆ ಇದು ಡಾಲ್ ಇಲಿ. ಆ ಇಲಿಗಳನ್ನು ಇಟ್ಟುಕೊಂಡು ಮಿಲ್ವಾಕೀ ಊರಿನ ಮೆಡಿಕಲ್ ಕಾಲೇಜಿನಲ್ಲಿ ಒಂದು ಚಮತ್ಕಾರ ಮಾಡಿದರು. ಎರಡು ಕಿಡ್ನಿಗಳಿಗೆ ರಕ್ತ ಕೊಡುವ ದೊಡ್ಡ ನಾಳದ ನಡುವೆ ಒಂದು ಪುಟ್ಟ ಪಟ್ಟಿ ಕಟ್ಟಿದರು. ಬಿಪಿ ನೋಡುವಾಗ ತೋಳಿಗೆ ಕಟ್ಟುತ್ತೇವಲ್ಲ, ಅಂಥದ್ದೇ, ಬೆರಳಿನ ಉಗುರಿಗಿಂತ ಚಿಕ್ಕದು. ಒತ್ತಡ ಏರಿದಂತೆಲ್ಲ ಯಂತ್ರ ತಾನಾಗಿ ಅದನ್ನು ಬಿಗಿ ಮಾಡುತ್ತದೆ. ಹಾಗಾಗಿ ಎಡಗಡೆ ಕಿಡ್ನಿಗೆ ಹಳೆಯ ಒತ್ತಡವೇ. ಬಲಗಡೆಯದಕ್ಕೆ ಪೂರ್ತಿ ಏಟು. ಇಲಿಗೆ ಉಪ್ಪು ತಿನ್ನಿಸಿದರು. ಆಮೇಲೆ ಎರಡರಲ್ಲೂ ಬಿಳಿ ಕಣಗಳನ್ನು ಎಣಿಸಿದರು. 2017ರಲ್ಲಿ ಅದರ ಫಲಿತಾಂಶ ಬಂತು. ಏಟು ತಿಂದ ಕಿಡ್ನಿಯೊಳಗೆ ಟಿ ಕಣಗಳು ಅನ್ನುವ ಒಂದು ಜಾತಿಯ ಬಿಳಿ ಕಣಗಳು ಗುಂಪು ಗುಂಪಾಗಿ ನುಗ್ಗಿದ್ದವು. ಪಟ್ಟಿ ಕಾಪಾಡಿದ ಕಿಡ್ನಿಯಲ್ಲಿ ಕಡಿಮೆ. ಅಂದರೆ ಕಾವಲಿನವರನ್ನು ಕರೆದದ್ದು ಒತ್ತಡವೇ!

ಟಿ ಕಣ ಅಂದರೆ ನಮ್ಮ ಊರ ಕಾವಲು. ಕ್ರಿಮಿ ಬಂದರೆ ಹೊಡೆದು ಓಡಿಸುವುದು ಅದರ ಕೆಲಸ. ಕಿಡ್ನಿಯಲ್ಲಿ ಕ್ರಿಮಿ ಇಲ್ಲ, ಒತ್ತಡಕ್ಕೆ ಗಾಯವಾದ ಜೀವಕೋಶ ಮಾತ್ರ ಇದೆ. ಕಾವಲಿನವನಿಗೆ ಅದು ಗೊತ್ತಾಗುವುದಿಲ್ಲ. ಕಳ್ಳ ಬಂದ ಅಂತಲೇ ತಿಳಿದು ಮನೆಯನ್ನೆಲ್ಲ ಒಡೆಯುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವೆ, ಅಲ್ವಾ? ಪಾಪ, ಈ ಬೇಲಿಗೆ ಹೊಟ್ಟೆಹಸಿವಿಲ್ಲ, ಹೊಲ ಕಾಯುತ್ತಿದ್ದೇನೆ ಅಂತಲೇ ಅದು ಅಂದುಕೊಂಡಿರುತ್ತದೆ.

ಈ ಕಣಗಳು ಉಗುಳುವ ರಾಸಾಯನಿಕಗಳಿಂದ ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಉಪ್ಪು ನಿಂತರೆ ನೀರು ನಿಲ್ಲುತ್ತದೆ, ಬಿಪಿ ಇನ್ನೂ ಏರುತ್ತದೆ, ಇನ್ನಷ್ಟು ಕಣಗಳು ಬರುತ್ತವೆ. ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತು. ಸುತ್ತು ಸುತ್ತಿಗೂ ಒಂದಷ್ಟು ಜರಡಿಗಳು ಗಾಯದ ಕಲೆಯಾಗಿ ಗಟ್ಟಿಯಾಗುತ್ತವೆ. ಕಲೆಯಾದದ್ದು ಮತ್ತೆ ಜರಡಿ ಆಗುವುದಿಲ್ಲ.

ಕಾವಲಿನವರೇ ಇಲ್ಲದಿದ್ದರೆ? ಅದನ್ನೂ ನೋಡಿದ್ದಾರೆ. 2007ರಲ್ಲಿ ಅಟ್ಲಾಂಟಾದಲ್ಲಿ ಡೇವಿಡ್ ಹ್ಯಾರಿಸನ್ ಅವರ ತಂಡ ಈ ಕಣಗಳೇ ಇಲ್ಲದ ಸುಂಡಿಲಿಗಳಿಗೆ ಬಿಪಿ ಏರಿಸುವ ಔಷಧ ಕೊಟ್ಟಿತು. ಏರಬೇಕಾದಷ್ಟು ಏರಲಿಲ್ಲ. ಟಿ ಕಣಗಳನ್ನು ತಂದು ಹಾಕಿದರು, ಏರಿತು. ಮನುಷ್ಯರಲ್ಲೂ ಒಂದು ಸುಳಿವು ಇದೆ. 2006ರಲ್ಲಿ ವೆನೆಜುವೆಲಾದವರು ಬರೆದದ್ದು. ಸೋರಿಯಾಸಿಸ್, ಕೀಲುವಾತ ಇದ್ದ 8 ಜನರಿಗೆ ಜೊತೆಗೆ ಬಿಪಿಯೂ ಇತ್ತು. ಅವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಟ್ಟಾಗ ಬಿಪಿ ಇಳಿಯಿತು, ನಿಲ್ಲಿಸಿದಾಗ ಏರಿತು. ನಾವು ಕಿಡ್ನಿ ಕಸಿ ಮಾಡಿದವರಿಗೆ ಕೊಡುವ ಮಾತ್ರೆಯೇ ಅದು. ನಾಳೆ ಬಂದು "ಸಾರ್, ಅದನ್ನೇ ಬರೆದುಕೊಡಿ" ಅನ್ನಬೇಡಿ. ಕಾವಲಿನವರನ್ನು ಪೂರ್ತಿ ಮಲಗಿಸಿದರೆ ಸಣ್ಣ ಸೋಂಕೂ ಜೀವ ತೆಗೆಯುತ್ತದೆ.

ಗಾಜಿನ ಆ ಕಡೆಯಿಂದ ಬೆರಳು ತೋರಿಸುತ್ತಿದ್ದಾರೆ, ಎರಡು ನಿಮಿಷವಂತೆ. ಇಲಿಯದ್ದು ಜಾಸ್ತಿಯಾಯಿತು. ಬೇಗ ಬೇಗ ಹೇಳಿಬಿಡುತ್ತೇನೆ.

ಕಾವಲಿನವರು ಒಳಗೆ ಮಾಡುವ ಈ ಗಲಾಟೆಗೇ ನಾವು ಉರಿಯೂತ ಅನ್ನುವುದು. ಉರಿಯೂತ ಅಂದ ಕೂಡಲೇ ಔಷಧ ಅಂಗಡಿಗೆ ಹೋಗಿ ನೋವಿನ ಮಾತ್ರೆ ತರಬೇಡಿ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್, ಇವೆಲ್ಲ ಬಿಪಿ ಏರಿಸುತ್ತವೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಮಂಡಿನೋವಿಗೆ ಅಂತ ವರ್ಷಗಟ್ಟಲೆ ನುಂಗಿ ಡಯಾಲಿಸಿಸ್‌ಗೆ ಬಂದವರನ್ನು ನೋಡಿದ್ದೇನೆ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚ. ಸಾರಿನ ಉಪ್ಪು, ಮಜ್ಜಿಗೆಯ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಎಲ್ಲ ಸೇರಿ ಒಂದು ಚಮಚ! ಅಮ್ಮಂದಿರಿಗೆ ಸಿಟ್ಟು ಬರುತ್ತದೆ, ಬರಲಿ.

ಮಾತ್ರೆ ಬಿಡಬೇಡಿ. ಬಿಪಿ ಮಾತ್ರೆ ನಿಮ್ಮ ತಲೆನೋವಿಗೆ ಕೊಟ್ಟದ್ದಲ್ಲ. ಬಾಗಿಲು ಬಡಿಯುವುದು ನಿಲ್ಲಲಿ, ಕಾವಲಿನವರು ಏಳದಿರಲಿ ಅಂತ ಕೊಟ್ಟದ್ದು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಕಿಡ್ನಿಯ ಜರಡಿಯೊಳಗಿನ ಒತ್ತಡವನ್ನೂ ಇಳಿಸುತ್ತವೆ. ರಾಮಿಪ್ರಿಲ್‌ಗೆ ಒಣಕೆಮ್ಮು ಬಂದರೆ ಸುಮ್ನೆ ಬಿಡಬೇಡಿ, ಬಂದು ಹೇಳಿ, ಬೇರೆ ಕೊಡುತ್ತೇವೆ.

ಕೊನೆಗೆ ಒಂದು ಚೀಟಿ, ಪೆನ್ನು ತೆಗೆದುಕೊಳ್ಳಿ. ಬಿಪಿ ಇರುವ ಪ್ರತಿಯೊಬ್ಬರೂ ವರ್ಷಕ್ಕೆ ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಬೇಕು. ಲ್ಯಾಬಿನಲ್ಲಿ "ಆಲ್ಬುಮಿನ್ ಕ್ರಿಯೇಟಿನಿನ್ ರೇಶಿಯೊ" ಅಂತ ಕೇಳಿ. ಬೆಳಿಗ್ಗೆ ಎದ್ದ ಕೂಡಲಿನ ಮೂತ್ರವೇ ಒಳ್ಳೆಯದು. ವರದಿಯಲ್ಲಿ 30ಕ್ಕಿಂತ ಜಾಸ್ತಿ ಇದ್ದರೆ ಜರಡಿ ಸೋರುತ್ತಿದೆ ಅಂತ ಅರ್ಥ. ವರದಿಯನ್ನು ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಬೇಡಿ, ಆ ವಾರವೇ ನಿಮ್ಮ ಡಾಕ್ಟರಿಗೆ ತೋರಿಸಿ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಆಲ್ಬುಮಿನ್, ಕ್ರಿಯೇಟಿನಿನ್, ರೇಶಿಯೊ. ನಮಸ್ಕಾರ.