ವೈದ್ಯರಿಗೆ ಸಿಗುವ ಪಗಾರ ಮತ್ತು ಉಳಿದದ್ದು

ಕೇಳುಗರಿಗೆ ನಮಸ್ಕಾರ. ಪಿಯುಸಿ ಸೈನ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಮೂರು ಹೊತ್ತೂ ನೀಟ್ ಪರೀಕ್ಷೆಯದೇ ಮಾತು. ಡಾಕ್ಟರಾದರೆ ಏನು ಸಿಗುತ್ತದೆ ಅಂದರೆ ಮೊದಲು ಬರುವುದು ದುಡ್ಡಿನ ಲೆಕ್ಕ. ಅದನ್ನು ಬೇಗ ಮುಗಿಸೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ 1 ವರ್ಷ, ಆಮೇಲೆ ಎಂಡಿ ಇಲ್ಲವೇ ಎಂಎಸ್ 3 ವರ್ಷ. ಓರಗೆಯವರು ಇಂಜಿನಿಯರಾಗಿ ಮನೆ ಕಟ್ಟಿಸುವಾಗ ಇವರದು ಇನ್ನೂ ರಾತ್ರಿ ಪಾಳಿ. ಒಂದು ಅನುಕೂಲವಂತೂ ಇದೆ: ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿವೆ, ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಇದೆ.

ಪಗಾರದ ಚೀಟಿಯಲ್ಲಿ ಕಾಣದ ಗಳಿಕೆ ಬೇರೆ. ಅದು ತಾಲ್ಲೂಕು ದವಾಖಾನೆಯಲ್ಲಿ ಸಿಗುತ್ತದೆ, ಅದೂ ಗಡಿಯಾರ ನೋಡುತ್ತಾ.

ತೊಗರಿ ಹೊಲದಲ್ಲಿ ಕಳೆ ಕೀಳುವಾಗ ಹಾವು ಕಡಿಯಿತು ಅಂದುಕೊಳ್ಳಿ. ಯಾವ ಹಾವೆಂದು ಯಾರೂ ನೋಡಿಲ್ಲ. ಡಾಕ್ಟರು ರಕ್ತನಾಳದಿಂದ 2 ಎಂಎಲ್ ರಕ್ತ ತೆಗೆದು, ಒಣಗಿದ, ಶುದ್ಧ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಒಮ್ಮೆ ವಾಲಿಸುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ. ಇಲ್ಲಿ ಎಡವುವುದು ಬಹಳ ಸಣ್ಣ ಕಾರಣಕ್ಕೆ. ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಅಥವಾ ಅದು ಪ್ಲಾಸ್ಟಿಕ್ಕಿನದಾಗಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ನಾಗರ, ಕಟ್ಟುಹಾವು ಕಡಿದಿದ್ದರೆ ಟ್ಯೂಬು ಏನೂ ಹೇಳದು. ಅವುಗಳ ವಿಷ ನರಗಳಿಗೆ ತಗಲುತ್ತದೆ, ರೆಪ್ಪೆ ಜೋಲುತ್ತಿದೆಯೇ ನೋಡಬೇಕು.

ವಿಷಕ್ಕೆ ಎದುರು ಮದ್ದು ಎಎಸ್‌ವಿ. ಸಾಮಾನ್ಯವಾಗಿ ಮೊದಲಿಗೆ 10 ವಯಲ್, ಅಂದರೆ ಮದ್ದಿನ ಸಣ್ಣ ಸೀಸೆ. ಪುಡಿಯ ರೂಪದ್ದಾದರೆ ಒಂದೊಂದಕ್ಕೂ 10 ಎಂಎಲ್ ಶುದ್ಧ ನೀರು ಬೆರೆಸಿ ಮೆಲ್ಲಗೆ ತಿರುಗಿಸಬೇಕು. ಜೋರಾಗಿ ಕುಲುಕಿದರೆ ನೊರೆಯೇಳುತ್ತದೆ, ಮದ್ದು ಕೆಡುತ್ತದೆ. ಸಲೈನಿನಲ್ಲಿ ಸುಮಾರು ಒಂದು ತಾಸು ಹನಿಸುವಾಗ ಮೈ ತುರಿಸಿದರೆ, ದದ್ದು ಎದ್ದರೆ, ಬಿಪಿ ಇಳಿದರೆ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್ ಚುಚ್ಚಬೇಕು. ಅದಕ್ಕೇ ಆ ಇಂಜೆಕ್ಷನ್ನು ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟಿರುತ್ತಾರೆ. ಆಮೇಲೆ 6 ತಾಸು ಕಾಯುವುದು. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಮತ್ತೆ ಗಾಜಿನ ಟ್ಯೂಬು, ಮತ್ತೆ 20 ನಿಮಿಷ. ಈ ಸಲ ವಾಲಿಸಿದರೆ ರಕ್ತ ಕದಲದೆ ಗಡ್ಡೆಯಾಗಿ ಕೂತಿರುತ್ತದೆ. ಬೆಳಗಿನ ಜಾವ 4 ಗಂಟೆಗೆ ಅದನ್ನು ಕಾಣುವ ಭಾಗ್ಯ ಬೇರೆ ಎಷ್ಟು ಕೆಲಸಗಳಲ್ಲಿದೆ?

ಎಲ್ಲ ಫಲವೂ ಒಂದೇ ರಾತ್ರಿಯಲ್ಲಿ ಕೈಗೆ ಬರುವುದಿಲ್ಲ. ಬಸುರಿಯ ಹಿಮೋಗ್ಲೋಬಿನ್ 8 ಇದ್ದರೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ. ಆಕೆ ಮಾತ್ರೆಯನ್ನು ಚಹಾದ ಜೊತೆ ನುಂಗುತ್ತಿರಬಹುದು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಲ ಕಪ್ಪಾಯಿತೆಂದು ಹೆದರಿ ಬಿಟ್ಟಿರಲೂಬಹುದು. ‘ಅವ್ವಾ, ಕಪ್ಪಾಗೋದು ಮಾತ್ರೆಯಿಂದ, ಅಂಜಬ್ಯಾಡ. ಊಟ ಆಗಿ ಒಂದು ತಾಸು ಬಿಟ್ಟು ಲಿಂಬಿ ನೀರಿನ ಜೊತಿ ತಗೋ’ ಅಂತ ಕೂತು ಹೇಳಲು ಐದು ನಿಮಿಷ ಸಾಕು. ಓಪಿಡಿಯ ಸಾಲು ಬಾಗಿಲಾಚೆ ಹೋಗಿರುವಾಗ ಸಿಗದಿರುವುದು ಆ ಐದು ನಿಮಿಷವೇ. ಸಿಕ್ಕರೆ ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಏರುತ್ತದೆ. ಡಾಕ್ಟರಿಗೆ ಅದು ತಾಯಿ ಕಾರ್ಡಿನಲ್ಲಿ ಕಾಣುತ್ತದೆ. ಆಕೆಗೆ, ಮೆಟ್ಟಿಲು ಹತ್ತುವಾಗ ಏದುಸಿರು ಬಾರದಿದ್ದಾಗ.