ಹನ್ನೊಂದು ಗಂಟೆಯ ಕಾಫಿ ರೇಟು

ಮೈಕ್ ಕೇಳಿಸುತ್ತಿದೆ ಅಲ್ವಾ? ನಲವತ್ತು ನಿಮಿಷ ಮಾತಾಡಿ ಅಂದಿದ್ದರು. ಪ್ರಾರ್ಥನೆ, ಸ್ವಾಗತ, ಹಾರ ಎಲ್ಲ ಮುಗಿದು ಈಗ ಇಪ್ಪತ್ತು ಉಳಿದಿದೆ. ಟೈಮ್ ಬಗ್ಗೆ ಮಾತಾಡಲು ಬಂದವನಿಗೆ ಸರಿಯಾಗೇ ಆಯಿತು ಬಿಡಿ.

ಚಿಕ್ಕಮಗಳೂರಿನಲ್ಲಿ ನಿಂತು ಕಾಫಿಯಿಂದಲ್ಲದೆ ಇನ್ನೆಲ್ಲಿಂದ ಶುರು ಮಾಡಲಿ? ನಮ್ಮ ಮಾವನಿಗೆ ಮೂಡಿಗೆರೆ ಕಡೆ ತೋಟ. ಅರೇಬಿಕಾ ರೇಟಿಗೆ ನ್ಯೂಯಾರ್ಕ್ ನೋಡಬೇಕು, ಅಲ್ಲಿ ಮಾರುಕಟ್ಟೆ ಮುಚ್ಚುವುದು ಮಧ್ಯಾಹ್ನ 1.30ಕ್ಕೆ. ನಾನೊಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟೆ. ಒಂಬತ್ತೂವರೆ ಗಂಟೆ ಕೂಡಿಸು, ನಮ್ಮ ರಾತ್ರಿ 11 ಆಯಿತು, 11.05ಕ್ಕೆ ಮಾವನ ಫೋನಿಗೆ ರೇಟು ಕಳಿಸು. ಬರೆದದ್ದು ಜೂನ್‌ನಲ್ಲಿ. ಮಳೆಗಾಲ ಪೂರ್ತಿ ಚೆನ್ನಾಗಿ ಓಡಿತು. ನವೆಂಬರ್‌ನಲ್ಲಿ, ಹಣ್ಣು ಕುಯ್ಯಲು ಆಳು ಹುಡುಕುವ ಹೊತ್ತಿಗೆ ಸರಿಯಾಗಿ, ಮಾವನ ಫೋನ್: "ನಿನ್ನ ರೇಟೇ ಬೇರೆ, ಪಕ್ಕದ ತೋಟದವರ ರೇಟೇ ಬೇರೆ ಕಣೋ!"

ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದೆ ಇಟ್ಟಿದ್ದರು. ಬೇಸಿಗೆಗೆ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ವಾಪಸ್, ಇದೇ ಡೇಲೈಟ್ ಸೇವಿಂಗ್. ಅವರ 1.30 ಈಗ ನಮ್ಮ ನಡುರಾತ್ರಿ 12. ನಾನು ಕಳಿಸುತ್ತಿದ್ದದ್ದು ಮುಚ್ಚಲು ಇನ್ನೂ 55 ನಿಮಿಷ ಇರುವಾಗಿನ ರೇಟು. ಸರಿ, ಹತ್ತೂವರೆ ಅಂತ ತಿದ್ದಿದೆ. ರೇಟು ಸರಿಹೋಯಿತು, ತಾರೀಖು ಕೆಟ್ಟಿತು. 12 ದಾಟಿದರೆ ನಮಗೆ ಮರುದಿನ, ಶುಕ್ರವಾರದ ರೇಟು ಶನಿವಾರದ ಹೆಸರಲ್ಲಿ ಹೋಗುತ್ತಿತ್ತು. ಅದನ್ನೂ ತಿದ್ದಿ, ಏಪ್ರಿಲ್ 1ಕ್ಕೆ ಮತ್ತೆ ಒಂಬತ್ತೂವರೆ ಆಗಲಿ ಅಂತ ಪ್ರೋಗ್ರಾಂನಲ್ಲಿ ಸುಮ್ನೆ ಒಂದು ಇಫ್ ಷರತ್ತು ಹಾಕಿದೆ. ಅವರು ಬದಲಿಸುವುದು ಮಾರ್ಚ್ ಎರಡನೇ ಭಾನುವಾರ! ಅದೂ 2007ರಿಂದ, ಮೊದಲು ಏಪ್ರಿಲ್‌ನಲ್ಲೇ ಇತ್ತು. ಮಾವ ಈಗ ಪಕ್ಕದ ತೋಟದವರನ್ನೇ ಕೇಳುತ್ತಾರೆ.

ಅಧಿಕ ಮಾಸ ಯಾವಾಗ ಅಂತ ಬೆರಳು ಮಡಚಿ ಲೆಕ್ಕ ಹಾಕುತ್ತೀರಾ? ಪಂಚಾಂಗ ನೋಡುತ್ತೀರಿ. ಇದಕ್ಕೂ ಪಂಚಾಂಗ ಇದೆ, ಐಎಎನ್‌ಎ ಟೈಮ್‌ಝೋನ್ ಡೇಟಾಬೇಸ್, ಯಾವ ಊರಿನ ಗಡಿಯಾರ ಯಾವಾಗ ಬದಲಾಗುತ್ತದೆ ಅನ್ನುವ ಪಟ್ಟಿ. ಒಂಬತ್ತೂವರೆ ಅನ್ನುವ ಅಂಕಿ ಕೊಡಬೇಡಿ, 'ಅಮೆರಿಕ/ನ್ಯೂಯಾರ್ಕ್' ಅಂತ ಹೆಸರು ಕೊಡಿ. ಹೊಸ ಪಂಚಾಂಗವೇ ಬೇಕು ಮತ್ತೆ. 2022ರಲ್ಲಿ ಮೆಕ್ಸಿಕೊ ಹೆಚ್ಚಿನ ಕಡೆ ಈ ಪದ್ಧತಿ ಬಿಟ್ಟಿತು, 2023ರಲ್ಲಿ ಈಜಿಪ್ಟ್ ವಾಪಸ್ ತಂದಿತು.

ಪ್ರೋಗ್ರಾಂ ಬರೆಯುವ ನಮ್ಮ ಹುಡುಗರದ್ದು ಒಂದು ತೊಂದರೆ ಇದೆ. ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿರುತ್ತದೆ, ಇಲ್ಲಿ ಗಡಿಯಾರ ಅಲುಗುವುದೇ ಇಲ್ಲ, ಎಲ್ಲ ಟೆಸ್ಟೂ ಪಾಸ್. ಉದಾಹರಣೆಗೆ, ತಾರೀಖು-ಗಂಟೆಯನ್ನು ಕಂಪ್ಯೂಟರಿನ ಸೆಕೆಂಡ್ ಲೆಕ್ಕಕ್ಕೆ ತಿರುಗಿಸುವ ಸಿ ಭಾಷೆಯ ಎಂಕೆಟೈಮ್‌ನಲ್ಲಿ ಟಿಎಂ-ಐಎಸ್‌ಡಿಎಸ್‌ಟಿ ಖಾನೆಗೆ 0 ಹಾಕಿದರೆ 'ಇದು ಡೇಲೈಟ್ ಸೇವಿಂಗ್ ಅಲ್ಲ' ಅಂತ ನಾವೇ ಹೇಳಿದ ಹಾಗೆ. ನ್ಯೂಯಾರ್ಕ್‌ನ ಜುಲೈ ತಾರೀಖು ಕೊಟ್ಟರೆ ಒಂದು ಗಂಟೆ ತಪ್ಪುತ್ತದೆ. -1 ಹಾಕಿ, ಪಂಚಾಂಗ ನೋಡಿ ಕಂಪ್ಯೂಟರೇ ಹೇಳಲಿ.

ಇಲ್ಲಿ ಅಲುಗುವುದೇ ಇಲ್ಲ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಯುದ್ಧಕಾಲದಲ್ಲಿ, 1942ರಿಂದ 1945ರವರೆಗೆ, ನಮ್ಮ ಗಡಿಯಾರವೂ ಒಂದು ಗಂಟೆ ಮುಂದಿತ್ತು. 1943ರಲ್ಲಿ ಹುಟ್ಟಿದ ಅಜ್ಜನ ಜಾತಕವನ್ನು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯಕ್ಕೆ ಯಾವಾಗಲೂ ಐದೂವರೆ ಗಂಟೆ ಕೂಡಿಸುವ ಸಾಫ್ಟ್‌ವೇರ್‌ನಲ್ಲಿ ಹಾಕಿಸಿದ್ದರೆ ಲಗ್ನವೇ ಬದಲಾಗಿರಬಹುದು. ನಗಬೇಡಿ, ಮನೆಗೆ ಹೋಗಿ ನೋಡಿ.

ಚೀಟಿ ಬಂತು, ಐದೇ ನಿಮಿಷವಂತೆ. ಬೇಗ ಹೇಳುತ್ತೇನೆ. 2026ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ ಬೆಳಗಿನ ಜಾವ 2.30 ಅನ್ನುವುದು ಇಲ್ಲವೇ ಇಲ್ಲ. ನವೆಂಬರ್ 1ರಂದು 1.30 ಎರಡು ಸಲ. ಯಾವ ಸಲದ್ದು ಅಂತ ಪೈಥಾನ್‌ನಲ್ಲಿ ಫೋಲ್ಡ್ ಅನ್ನುವ ಗುರುತು ಹೇಳುತ್ತದೆ. ಆಗಿಹೋದದ್ದನ್ನು ಯುಟಿಸಿಯಲ್ಲಿ ಬರೆದಿಡಿ, ಮುಂದಿನ ಮೀಟಿಂಗನ್ನು ಆ ಊರಿನ ಸಮಯ, ಆ ಊರಿನ ಹೆಸರಿನ ಜೊತೆ. ರೋಬಸ್ಟಾದವರು ಲಂಡನ್ ನೋಡಬೇಕಲ್ಲ, ಅಲ್ಲಿ ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ, ಅಂದರೆ ನಡುವೆ ಎರಡು ಮೂರು ವಾರ... ಅಯ್ಯೋ, ಬೆಲ್ ಆಯಿತು. ಊಟದ ಹತ್ತಿರ ಸಿಗಿ, ಅಲ್ಲೇ ಹೇಳುತ್ತೇನೆ.